ಅತ್ತೆಯ ಸೋಬಾನೆಗೆ ಇಂಗ್ಲಿಷ್ ಎಂದು ಬರೆದೆ

ನನಗೆ ಅರ್ಜಿ ಕಂಡರೆ ಭಯ. ಹಾವು ಕಂಡರೆ ಕೋಲಾದರೂ ಹುಡುಕುತ್ತೇನೆ, ಅರ್ಜಿ ಕಂಡರೆ ಕುಡಿಯುವ ನೀರು ಹುಡುಕುತ್ತೇನೆ. ಶ್ರೀರಂಗಪಟ್ಟಣದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ಕೂತು, ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿ ವಾಪಸು ಕಳಿಸಿದ ಪಾಪ ಇದು. ಯಾವ ಅರ್ಜಿಯ ಹಿಂದೆಯೂ ನನ್ನಂಥವನೇ ಒಬ್ಬ ಕೂತಿದ್ದಾನೆ ಅನ್ನಿಸುತ್ತದೆ.

ಇಂಥ ನನ್ನನ್ನು ಕ್ಯಾತನಹಳ್ಳಿಯ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಒಂದು ಕೆಲಸಕ್ಕೆ ಹಚ್ಚಿದರು. ಅವರ ಸೋಬಾನೆ ಪದವಿಲ್ಲದೆ ಆ ಊರಲ್ಲಿ ಹೆಣ್ಣು ಹಸೆಗೆ ಕೂರುವುದಿಲ್ಲ. ಈಗೀಗ ಉಸಿರು ಸಾಲದು. "ಅಳಿಯಂದ್ರೇ, ಗಂಟ್ಲು ಇರೋವಾಗ್ಲೇ ಒಂದ್ ಪದ ಆ ನೆಟ್ಟಿಗೆ ಆಕ್ಬುಡಿ. ಸೋಮ್ವಾರ ಎಲ್ಲಾರ ಫೋನಿಗೂ ಬತ್ತದೆ ಅಂತ ಬೀದಿಗೆಲ್ಲ ಯೋಳ್ಬುಟ್ಟಿವ್ನಿ" ಅಂದರು. ಆ ಬೀದಿಯ ಹೆಂಗಸರೆಂದರೆ ಸಾಮಾನ್ಯರಲ್ಲ!

ಅವರು ಹಾಡಿದ್ದನ್ನು ಫೋನಿನಲ್ಲಿ ಹಿಡಿದು ತಂದೆ. ಅದನ್ನು ನೆಟ್ಟಿಗೆ ಹಾಕಿ ಹಂಚುವ ಕಂಪನಿಯ ಅರ್ಜಿ ಪೂರಾ ಇಂಗ್ಲಿಷಿನಲ್ಲಿತ್ತು. ಹಾಡಿದವರ ಹೆಸರು ತುಂಬಿದೆ. 'ಹಾಡಿನ ಭಾಷೆ' ಎಂಬಲ್ಲಿ ಕೈ ನಿಂತಿತು. ನಾನು ಕಚೇರಿಯಲ್ಲಿ ಕಲಿತ ಪಾಠ ಒಂದೇ: ಮೇಲಿನಿಂದ ಕಾಗದ ಯಾವ ಭಾಷೆಯಲ್ಲಿ ಬಂದರೆ ಜವಾಬೂ ಅದೇ ಭಾಷೆಯಲ್ಲಿ. ಇಂಗ್ಲಿಷ್ ಎಂದು ಒತ್ತಿಬಿಟ್ಟೆ. ಪಟ್ಟಿಯ ಕೆಳಗೆ ಕನ್ನಡವೂ ಇತ್ತು, ಕಂಡಿದ್ದೆ. ಒತ್ತಿದರೆ ಯಾರೋ ಸಾಹೇಬರು ಗದರುತ್ತಾರೆ ಅನ್ನಿಸಿತು, ದೇವರಾಣೆಗೂ.

ಶನಿವಾರ ಕಂಪನಿಯಿಂದ ಇ-ಮೇಲ್ ಬಂತು. ಹಾಡಿನ ಮಾತಿಗೂ ನಮೂದಿಸಿದ ಭಾಷೆಗೂ ತಾಳೆಯಿಲ್ಲ, ತಿದ್ದದಿದ್ದರೆ ಬಿಡುಗಡೆಯಿಲ್ಲ. ತಿದ್ದುವುದೆಲ್ಲಿ ಎಂದು ತಡಕಾಡಿದೆ, ಸಿಗಲಿಲ್ಲ. ಸೋಮವಾರ ಬೀದಿಯವರ ಮುಂದೆ ಅತ್ತೆಯ ಮುಖ ಸಣ್ಣಗಾಗುವುದು ಕಣ್ಣಿಗೆ ಕಟ್ಟಿತು. ಅವರ ಫೋನ್ ಬಂದಾಗ ಹೆಂಡತಿಯ ಕೈಗೆ ತುರುಕಿ ಹಿತ್ತಲಿಗೆ ಓಡಿದೆ. ಅಳಿಯ ಯಾಕೆ ಸಿಕ್ಕುತ್ತಿಲ್ಲ ಎಂದು ಭಾನುವಾರ ಬೆಳಿಗ್ಗೆ ಅವರೇ ಬಸ್ಸಿಳಿದು ಬಂದು ಬಾಗಿಲಲ್ಲಿ ನಿಂತರು. ಹೊಸಿಲು ದಾಟುವ ಮೊದಲೇ ಎಲ್ಲ ಒಪ್ಪಿಕೊಂಡೆ.

ಅತ್ತೆ ಬೈಯಲಿಲ್ಲ, ಅದಕ್ಕೇ ಇನ್ನೂ ಹೆದರಿದೆ. ಪಕ್ಕದಲ್ಲಿ ಕೂತು, "ತಗೀರಿ, ನೋಡಾನ. ಕೊನೇಗಂಟ ಓದಿ" ಅಂದರು. ಆ ಇ-ಮೇಲಿನ ಕೊನೆಯಲ್ಲೇ 'ತಿದ್ದಲು ಇಲ್ಲಿ ಒತ್ತಿ' ಎಂದಿತ್ತು. ಹೆದರಿಕೆಯಲ್ಲಿ ನಾನು ಅಷ್ಟು ದೂರ ಓದಿರಲೇ ಇಲ್ಲ. ಕನ್ನಡ ಎಂದು ಒತ್ತಿದೆ. ಯಾರೂ ಗದರಲಿಲ್ಲ. ಮಧ್ಯಾಹ್ನದೊಳಗೆ ಒಪ್ಪಿಗೆ ಬಂತು, ಸೋಮವಾರ ಹಾಡು ಬರುತ್ತದೆ ಎಂದು.

ಅತ್ತೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದರು. "ಮೂವತ್ತೊರ್ಸ ಊರೋರ್ನೆಲ್ಲ ಎದರಿಸ್ದೋರು ನೀವು. ನಮ್ ಮಾತ್ನ ನಮ್ದು ಅನ್ನಕ್ಕೆ ಯಾರ್ಗೆ ಎದರ್ಕಂಡ್ರಿ ಅಳಿಯಂದ್ರೇ?"

ಕಚೇರಿಯಾಗಿದ್ದರೆ 'ನಾಳೆ ಬನ್ನಿ' ಅನ್ನುತ್ತಿದ್ದೆ.