ಡಬ್ಬಾ ಟಿವಿಯಲ್ಲಿ ಹಿಡಿಯದ ಗೌಡರ ಮನೆ

ಕ್ಯಾಮೆರಾ ಕಂಡುಹಿಡಿದವನಿಗೆ ನಮ್ಮ ಕಡೆ ನೆಂಟರಿರಲಿಲ್ಲ ಅಂತ ಕಾಣುತ್ತೆ. ಇದ್ದಿದ್ದರೆ ಆ ಕೆಲಸಕ್ಕೇ ಕೈ ಹಾಕುತ್ತಿರಲಿಲ್ಲ. ಕೆ.ಆರ್. ಪೇಟೆಯ ಸ್ಟುಡಿಯೋದಲ್ಲಿ ನಾನು ಮದುವೆ ಡಿವಿಡಿ ಮಾಡುತ್ತಿದ್ದಷ್ಟು ಕಾಲವೂ ನೆಂಟರ ತಕರಾರುಗಳೆಲ್ಲ ನನ್ನ ಮೇಜಿಗೇ ಬಂದು ಬೀಳುತ್ತಿದ್ದವು. ಎಸ್ಸೆಸ್ಸೆಲ್ಸಿವರೆಗೆ ಓದಿದವಳು ನಾನು. ಮಗಳನ್ನು ಅಂಗನವಾಡಿಗೆ ಬಿಟ್ಟು ಕಂಪ್ಯೂಟರ್ ಮುಂದೆ ಕೂತರೆ ಊರವರ ಮಾನವೆಲ್ಲ ನನ್ನ ಕೈಲಿ.

ತೊಂದರೆ ಇಷ್ಟೇ. ನಮ್ಮ ಓನರು ತಂದ ಹೊಸ ಕ್ಯಾಮೆರಾ ಅಗಲವಾಗಿ ತೆಗೆಯುತ್ತಿತ್ತು. ಜನರ ಮನೆಯಲ್ಲಿದ್ದದ್ದು ಹಿಂದೆ ಹೊಟ್ಟೆ ಬಂದ, ಮುಂದೆ ಚೌಕಾಗಿರುವ ಡಬ್ಬಾ ಟಿವಿ.

೧. ಕರೀ ಪಟ್ಟಿ

ಬೂಕನಕೆರೆ ಗೌಡರೊಬ್ಬರು ಮಗಳ ಮದುವೆ ಡಿವಿಡಿ ಒಯ್ದವರು ಮಾರನೇ ದಿನವೇ ವಾಪಸ್ ತಂದರು.

"ಏನವ್ವ, ಮೇಲೂ ಕಪ್ಪು, ಕೆಳುಗೂ ಕಪ್ಪು. ನಾನು ಮದ್ವೆ ಮಾಡುದ್ನೋ, ತಿಥಿ ಮಾಡುದ್ನೋ?"

"ಗೌಡ್ರೇ, ಚಿತ್ರ ಅಗಲ, ನಿಮ್ಮ ಟಿವಿ ಚೌಕ. ಪೂರ್ತಿ ಕಾಣ್ಬೇಕು ಅಂದ್ರೆ ಪಟ್ಟಿ ಬಂದೇ ಬರುತ್ತೆ."

"ಅದೆಲ್ಲ ನಂಗೊತ್ತಿಲ್ಲ. ನಮ್ಮುಡುಗನ್ಗೆ ಸಂತೆಬಾಚಹಳ್ಳೀಲಿ ಎಣ್ಣು ನೋಡಿವ್ನಿ. ಅವ್ರು ಮೊದ್ಲು ಈ ಡಿವಿಡಿ ನೋಡ್ತಾರಂತೆ, ಆಮೇಲೆ ಮಾತಂತೆ. ಈ ಸಂಬಂದ ತಪ್ಪೋದ್ರೆ ನಿನ್ನೇ ಕೇಳ್ತೀನಿ!"

ಹುಡುಗ ದುಂಡಗೆ ಅಂತ ಆಗಲೇ ಎರಡು ಸಂಬಂಧ ತಪ್ಪಿದ್ದವು. ಅವನು ಉಂಡದ್ದು ಗೌಡರ ಮನೆಯಲ್ಲಿ, ಜವಾಬ್ದಾರಿ ಮಾತ್ರ ನನ್ನದು. ಅಷ್ಟರಲ್ಲಿ ಗೌಡತಿ ಆ ಪಟ್ಟಿಯನ್ನು ಪಾತ್ರೆ ತಿಕ್ಕುವ ನಾರಿನಲ್ಲಿ ತಿಕ್ಕಿಯೂ ನೋಡಿದ್ದರಂತೆ. ಪಟ್ಟಿ ಹೋಗಲಿಲ್ಲ, ಗಾಜಿನ ಹೊಳಪು ಹೋಯಿತು.

೨. ಮಾವ ಮಾಯ

ಪಟ್ಟಿ ಬೇಡವೆಂದರೆ ಚಿತ್ರ ಹಿಗ್ಗಿಸಿ ಎರಡೂ ಅಂಚು ಕತ್ತರಿಸಬೇಕು. ಕತ್ತರಿಸಿದೆ. ಟಿವಿ ತುಂಬಿತು. ಈ ಸಲ ಗೌಡರ ಜೊತೆ ಅವರ ಹೆಂಡತಿಯ ಅಣ್ಣ, ಅಂದರೆ ಮದುಮಗಳ ಸೋದರಮಾವ, ಮೀಸೆ ತಿರುವುತ್ತಾ ಬಂದರು.

"ಧಾರೇಲಿ ನಾನೆಲ್ಲಿವ್ನಿ, ತೋರ್ಸು."

ತೋರಿಸಿದೆ. ಅಂಚಿನಲ್ಲಿ ಹಾಲಿನ ಚೊಂಬು ಹಿಡಿದ ಕೈಯೊಂದಿತ್ತು.

"ಇಗೋ, ನಿಮ್ಮದೇ. ಉಂಗುರ ನೋಡಿ."

"ಕೈ ನೋಡಿ ಎಣ್ಣು ಕೊಟ್ಟಾರಾ? ಸೋದರಮಾವನೇ ಇಲ್ದಿರೋ ಮನೆ ಅನ್ಕಳಲ್ವಾ?"

ಗೌಡರು ಸಮಾಧಾನಕ್ಕೆ ಹೋದರು. "ಬುಡಿ ಭಾವ, ನಾನೂ ಅರ್ದ ಓಗಿವ್ನಿ."

"ನಿಮ್ಗೆ ಮೂತಿನಾದ್ರೂ ಉಳ್ಕಂಡದೆ!"

ನಿಜ ಹೇಳಬೇಕೆಂದರೆ, ಮದುಮಕ್ಕಳನ್ನು ಬಿಟ್ಟು ಪೂರ್ತಿಯಾಗಿ ಉಳಿದಿದ್ದವರು ಪುರೋಹಿತರೊಬ್ಬರೇ. ಅವರು ಯಾರ ನೆಂಟರೂ ಅಲ್ಲ.

೩. ಎಲ್ಲರೂ ಸಪೂರ

ಉಳಿದದ್ದು ಒಂದೇ ದಾರಿ. ಯಾರನ್ನೂ ಕತ್ತರಿಸದೆ, ಅಗಲ ಚಿತ್ರವನ್ನು ಎರಡೂ ಪಕ್ಕದಿಂದ ಒತ್ತಿ ಚೌಕದೊಳಗೆ ತುರುಕುವುದು. ಆಗ ಎಲ್ಲರೂ ಉದ್ದ, ಎಲ್ಲರೂ ತೆಳ್ಳಗೆ.

"ಇದು ತಪ್ಪಲ್ವೇನಮ್ಮ?" ಅಂದರು ಓನರು.

"ಯಾರು ತಪ್ಪು ಅಂತಾರೋ ನೋಡೋಣ ಸಾರ್."

ಯಾರೂ ಅನ್ನಲಿಲ್ಲ. ಮಾವ ಬಿದಿರು ಗಳದಂತೆ ನಿಂತು ಧಾರೆ ಎರೆಯುತ್ತಿದ್ದರು. ತಮಗೇ ಬೇರೆ ಕಾಪಿ ಬೇಕೆಂದರು. ಗೌಡತಿ, "ಈಗ ನೋಡು, ನಾವಿದ್ದಂಗೇ ಬಂದೀವಿ" ಅಂದರು. ಎಲೆ ಮೇಲಿನ ಲಾಡು ನಿಲ್ಲಿಸಿದ ಕೋಳಿಮೊಟ್ಟೆಯಂತೆ ಕಾಣುತ್ತಿತ್ತು. ಲಾಡನ್ನು ಯಾರು ನೋಡುತ್ತಾರೆ?

ಧೈರ್ಯ ಬಂದು, ಆ ವಾರದ ಗೃಹಪ್ರವೇಶ, ನಾಮಕರಣ ಎಲ್ಲವನ್ನೂ ಹೀಗೇ ಒತ್ತಿ ಕಳಿಸಿದೆ. ಇದ್ದದ್ದು ಇದ್ದಂತೆ ಕೊಟ್ಟಾಗ ಮಾರನೇ ದಿನವೇ ವಾಪಸ್ ತಂದ ಜನ, ಸುಳ್ಳನ್ನು ಅರಿಶಿನ ಕುಂಕುಮ ಇಟ್ಟು ಒಳಗಿಟ್ಟುಕೊಂಡರು.

೪. ಹೆಣ್ಣು ನೋಡುವ ದಿನ

ಡಿವಿಡಿ ನೋಡಿ ಸಂತೆಬಾಚಹಳ್ಳಿಯವರು ಒಪ್ಪಿದರು. ತಮ್ಮ ಮನೆಯದೊಂದು ಡಿವಿಡಿಯನ್ನೂ ಕಳಿಸಿದರು. ನಾನು ಅದನ್ನು ನೋಡಲಿಲ್ಲ. "ಎಣ್ಣು ನುಗ್ಗೇಕಾಯಂಗವ್ಳೆ" ಎಂದು ಗೌಡರು ಕುಣಿದದ್ದಷ್ಟೇ ಗೊತ್ತು. ಹೆಣ್ಣು ನೋಡಲು ನನ್ನನ್ನೂ ಕರೆದೊಯ್ದರು. ಎಡವಟ್ಟಾದರೆ ಬೈಯಲು ಒಬ್ಬಳು ಬೇಕಲ್ಲ!

ನಮ್ಮ ಹುಡುಗ ಒಳಗೆ ಕಾಲಿಟ್ಟ. ಹೆಣ್ಣಿನ ಅಪ್ಪ ಅವನ ಭುಜದ ಮೇಲಿಂದ ಬಾಗಿಲ ಕಡೆ ನೋಡಿ, "ಗಂಡು ಇಂದೆ ಬತ್ತಾವ್ರಾ?" ಅಂದರು.

ಗೌಡರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮೂರನೆಯದೂ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಲಕ್ಷಣವಾದ ಹುಡುಗಿ. ಬಾಗಿಲು ತುಂಬಿತು.

ನಮ್ಮ ಜೊತೆ ಬಂದಿದ್ದ ಸೋದರಮಾವ ಮೆಲ್ಲಗೆ ಕೇಳಿದರು, "ಕಾಫಿ ಸರಿ, ಎಣ್ಣೆಲ್ಲಿ?"

ಹುಡುಗಿ ಹುಡುಗನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ನೀವೂ ಪೇಟೆ ಸ್ಟುಡಿಯೋದಲ್ಲೇ ಮಾಡ್ಸಿದ್ದಾ?"

"ಊಂ. ಅಕ್ಕನ್ ಮದ್ವೇದು. ನೀವು?"

"ಗೃಹಪ್ರವೇಶದ್ದು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಂಬಂಧ ಅಲ್ಲೇ ಗಟ್ಟಿಯಾಯಿತು. ಅಪ್ಪಂದಿರನ್ನು ಯಾರೂ ಕೇಳಲಿಲ್ಲ.

ಮದುವೆಗೆ ಮುಂಚೆ ಗೌಡರು ಮಾವನ ಜೊತೆ ಸ್ಟುಡಿಯೋಗೆ ಬಂದರು. "ಈ ಸಲ ಟಿವೀನೇ ಅಗಲುದ್ದು ತಂದಿವ್ನಿ ಕಣವ್ವ. ಎಲ್ರೂ ಇದ್ದಂಗೇ ಬರ್ಲಿ."

ಅವರು ಮೆಟ್ಟಿಲು ಇಳಿಯುವವರೆಗೆ ಕಾದಿದ್ದ ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎಲ್ರೂ ಎಂಗಾರ ಬರ್ಲಿ. ನನ್ನೊಬ್ಬನ್ನ ಮಾತ್ರ ಒಸಿ ಒತ್ಬುಡವ್ವ."