ಹೆಬ್ಬೆರಳಿನ ಕೆಂಪು ಉಂಗುರ

ಕ್ಷೌರದಂಗಡಿಯವನ ಬಲಗೈ ಹೆಬ್ಬೆರಳಿನ ಸುತ್ತ ಉಂಗುರ ತೊಡಿಸಿದಂತೆ ಚರ್ಮ ಕೆಂಪಗೆ ಎದ್ದು, ವಾರದಿಂದ ತುರಿಸುತ್ತಿತ್ತು. ಕದ್ದ ಮಾಲಿನಂತೆ ಅದನ್ನು ಅವನು ಬಚ್ಚಿಟ್ಟುಕೊಂಡಿದ್ದ. ಆ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಬಂದ ನಿವೃತ್ತ ವಿಜ್ಞಾನ ಮೇಷ್ಟ್ರು, ಅರ್ಧ ತಲೆ ಮುಗಿಯುವಷ್ಟರಲ್ಲಿ ಕನ್ನಡಿಯಲ್ಲಿ ನೋಡಿಯೇಬಿಟ್ಟರು.

"ಏನಯ್ಯಾ ಅದು ಬೆರಳಲ್ಲಿ?"

"ಏನಿಲ್ಲ ಸಾರ್, ಸುಮ್ನೆ ತುರಿಕೆ."

"ತುರಿಕೆ ಸುಮ್ನೆ ಬರಲ್ಲ. ಬ್ಯಾಕ್ಟೀರಿಯಾ ಆದ್ರೆ ಗಾಯದಲ್ಲಿ ಹೊಕ್ಕು ವಿಷ ಉಗುಳುತ್ತೆ. ವೈರಸ್ ಆದ್ರೆ ಜೀವಕೋಶದೊಳಗೇ ನುಗ್ಗಿ, ಅದರ ಕೈಲೇ ತನ್ನ ಮರಿ ಮಾಡಿಸಿಕೊಳ್ಳುತ್ತೆ. ಇದು ದುಂಡಗಿದೆ, ಶಿಲೀಂಧ್ರ ಇರ್ಬೇಕು. ಬ್ರೆಡ್ಡಿಗೆ ಬೂಷ್ಟು ಹಿಡಿಯಲ್ವಾ, ಹಾಗೇ ಚರ್ಮಾನ ತಿನ್ನುತ್ತೆ. ಮುಟ್ಟಿದ್ರೆ ಅಂಟುತ್ತೆ."

ಪಾಠ ಮುಗಿದ ಮೇಲೆ, ಅವನು ಇಷ್ಟು ಹೊತ್ತು ಮುಟ್ಟುತ್ತಿದ್ದುದು ತಮ್ಮ ತಲೆಯನ್ನೇ ಎಂಬುದು ಮೇಷ್ಟ್ರಿಗೆ ಹೊಳೆಯಿತು. ಕೊರಳ ಬಟ್ಟೆಯ ಸಮೇತ ಎದ್ದು ನಡೆದರು.

ಅರ್ಧ ಬೋಳಾದ ಮೇಷ್ಟ್ರು ಬೀದಿಯುದ್ದಕ್ಕೂ ಹೋದ ಮೇಲೆ ಬೇರೆ ಡಂಗುರ ಬೇಕೆ? ಪಕ್ಕದಂಗಡಿಯ ದರ್ಜಿ ಓಡಿಬಂದ.

"ಹುಳುಕಡ್ಡಿ ಕಣಣ್ಣಾ ಇದು. ಒಳಗೆ ಹುಳ ಸುತ್ತು ಹಾಕ್ತಾ ಇರುತ್ತೆ."

"ಮೇಷ್ಟ್ರು ಬೂಷ್ಟು ಅಂದ್ರಲ್ಲೋ?"

"ಹೆಸರಲ್ಲೇ ಹುಳ ಇದೆ, ಮೇಷ್ಟ್ರೇನು ಹೇಳೋದು?" ಎಂದವನೇ ಸೀಮೆಎಣ್ಣೆ ಸುರಿದ. ಹುಳ ಸತ್ತಿತೋ ಬಿಟ್ಟಿತೋ, ಬೆರಳು ಮಾತ್ರ ಬದನೆಕಾಯಿಯಂತೆ ಊದಿಕೊಂಡಿತು.

ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಊಟಕ್ಕೆ ಮನೆಗೆ ಹೋದರೆ ತಟ್ಟೆ ಹೊಸ್ತಿಲಾಚೆ ಕೂತಿತ್ತು. "ಡಾಕ್ಟ್ರು ಬರೆದುಕೊಡೋ ತನಕ ಮಕ್ಕಳನ್ನ ಮುಟ್ಬೇಡಿ," ಎಂದಳು ಹೆಂಡತಿ, ಬಾಗಿಲ ಸಂದಿಯಿಂದ.

ಡಾಕ್ಟರಮ್ಮ ಬೆರಳಿನ ಚರ್ಮ ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟರು. ತೀರ್ಪಿಗೆ ಕಾದ ಕೈದಿಯಂತೆ ಅವನು ಕೂತ. ಒಂದೇ ಒಂದು ಕ್ರಿಮಿಯೂ ಸಿಗದಿರಲಿ ಎಂದು ಕಂಡ ದೇವರಿಗೆಲ್ಲ ಮೊರೆಯಿಟ್ಟ.

"ಬೂಷ್ಟಿಲ್ಲ, ಬ್ಯಾಕ್ಟೀರಿಯಾ ಇಲ್ಲ, ಹುಳಾನೂ ಇಲ್ಲ. ವೈರಸ್ಸಿನ ಲಕ್ಷಣಾನೂ ಕಾಣ್ತಿಲ್ಲ. ಯಾರಿಗೂ ಅಂಟಲ್ಲ ಇದು."

ಹೋದ ಜೀವ ಬಂದಂತಾಯಿತು. "ಅದನ್ನೇ ಒಂದು ಚೀಟೀಲಿ ಬರೆದುಕೊಡಿ ಅಮ್ಮಾ, ಅಂಗಡಿ ಬಾಗಿಲಿಗೆ ಅಂಟಿಸ್ತೀನಿ."

"ಏನು ಕೆಲಸ ನಿಮ್ಮದು?"

"ಕ್ಷೌರ. ಇಪ್ಪತ್ತೆರಡು ವರ್ಷ ಆಯ್ತು. ಬೇರೇನೂ ಬರಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕತ್ತರಿಯ ಲೋಹ ನಿಮ್ಮ ಮೈಗೆ ಆಗಿಬರ್ತಿಲ್ಲ. ಮುಟ್ಟಿದಷ್ಟೂ ಜಾಸ್ತಿ ಆಗುತ್ತೆ. ಕತ್ತರಿ ಹಿಡಿಯೋದು ಬಿಡಬೇಕು."

ಅವನು ಬೆರಳನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡ.

"ಬೂಷ್ಟೇ ಆಗಿದ್ದಿದ್ರೆ?"

"ಮೂರು ವಾರ ಮುಲಾಮು ಹಚ್ಚಿದ್ರೆ ಹೋಗಿರ್ತಿತ್ತು."

ಅವನು ಬದನೆಕಾಯಿ ಬೆರಳನ್ನು ಮತ್ತೆ ಮೇಜಿನ ಮೇಲಿಟ್ಟ.

"ಇನ್ನೊಂದ್ಸಲ ಸರಿಯಾಗಿ ನೋಡಿ ಅಮ್ಮಾ. ಯಾವುದೋ ಒಂದು ಬಡಪಾಯಿ ಕ್ರಿಮಿ ಮೂಲೇಲಿ ಇದ್ರೂ ಇರಬಹುದು."