ಗುಲಾಬಿ ತಲಿ ಬಾತು ಮತ್ತ ನನ್ನ ರಜಾ ಅರ್ಜಿ

ಇಲ್ರೀ, ಹಕ್ಕಿ ಶೋಕಿ ನನಗೆಲ್ಲಿಂದ ಬರಬೇಕು? ನಾನು ಕಲಬುರ್ಗಿ ಕಚೇರ್ಯಾಗ ಅರ್ಜಿ ಬರೆಯೋ ಗುಮಾಸ್ತ. ಆದ್ರ ನಿಜಾಮರ ನೌಕರ್ಯಾಗ ಯಾರ ಶೋಕಿ ಯಾರ ಕೊರಳಿಗೆ ಬೀಳ್ತದೋ ಹೇಳಾಕ ಬರೂದಿಲ್ಲ. ನನಗಂತೂ ಇಂಥವು ಹುಡುಕ್ಕೊಂಡು ಬರ್ತಿದ್ದವು.

ಆ ವರ್ಷ ಹೈದರಾಬಾದಿನಿಂದ ಹೊಸಾ ಸಾಹೇಬರು ಬಂದ್ರು, ಕೊರಳಾಗ ದುರ್ಬೀನು. ಕಮಲಾಪುರದಾಗ ನನ್ನ ಹೆಂಡತಿ ತಮ್ಮನ ಲಗ್ನ. ನಾಕು ದಿನ ರಜಾ ಬೇಕಂತ ಅರ್ಜಿ ಇಟ್ಟೆ. ಅವರು ಅದನ್ನ ಪಕ್ಕಕ್ಕ ಸರಿಸಿ, "ಇಲ್ಲಿ ಕೆರ್ಯಾಗ ಗುಲಾಬಿ ತಲಿ ಬಾತು ಇಳದದಂತ. ಭಾಳ ಅಪರೂಪದ್ದು. ಅದು ಸಿಗಲಿ, ರಜಾ ಸಿಗ್ತದ" ಅಂದ್ರು.

ಬಾತಿಗೂ ಲಗ್ನಕ್ಕೂ ಏನು ಸಂಬಂಧ ಅಂತ ನನಗ ಇವತ್ತಿಗೂ ತಿಳಿದಿಲ್ಲ.

ಖಾಮೋಶ್

ಮುಂಜಾನೆ ಕೆರಿ ದಂಡಿಗೆ ಹೋದ್ರ ಸಂತಿ ಇದ್ದಂಗದ. ಅಗಸರು, ಎಮ್ಮಿ ಮೈ ತೊಳಿಯೋರು, ರೋಜಾ ದರ್ಗಾಕ್ಕ ಬಂದ ಯಾತ್ರಿಕರು. "ಎಲ್ಲರೂ ಖಾಮೋಶ್ ಇರಬೇಕಂತ ಹೇಳು" ಅಂದ್ರು ಸಾಹೇಬರು.

ಅಗಸರ ಮುದುಕಿಗೆ ಹೇಳಿದೆ, "ಯವ್ವಾ, ಸ್ವಲ್ಪ ಮೆಲ್ಲಕ ಒಗೀಬೇ."

"ಒಗೀತೀನಿ ತಮ್ಮಾ. ಈಗ ಕೈಯಾಗಿರೂದು ನಿಮ್ಮ ಸಾಹೇಬರ ಪೈಜಾಮ. ಹೊಲಸು ಹಂಗೇ ಉಳೀತದ, ನಡೀತದೇನು ಕೇಳ್ಕೊಂಡು ಬಾ."

ಹೋಗಿ ಕೇಳಿದೆ. ಸಾಹೇಬರು ಭಾಳೊತ್ತು ವಿಚಾರ ಮಾಡಿ ಅಂದ್ರು, "ಪೈಜಾಮ ಮುಗೀಲಿ. ಆಮ್ಯಾಲ ಖಾಮೋಶ್."

ಗಂಡು

ಮರುದಿನ ಜೇಕಿನ ಹುಲ್ಲಿನ ಹಿಂದ ಸಾಹೇಬರು ನನ್ನ ರಟ್ಟಿ ಹಿಡದ್ರು. "ಗುಲಾಬಿ ತಲಿ! ಏಳ್ತದ, ಇಳೀತದ!"

ದುರ್ಬೀನು ಇಸ್ಕೊಂಡು ನೋಡಿದೆ. ಗುಲಾಬಿ ಖರೇನೇ. ಒಬ್ಬರು ಸಾವುಕಾರರು ಕುತ್ತಿಗಿ ಮಟ ನೀರಾಗ ಕುಂತಿದ್ರು. ದಂಡಿಗಿಟ್ರ ಯಾರರೆ ಒಯ್ದಾರಂತ ಗುಲಾಬಿ ರುಮಾಲು ತಲಿಮ್ಯಾಲೇ ಇತ್ತು.

"ಸಾಹೇಬ್ರ, ಇದಕ್ಕ ಮೀಸಿ ಅದಾವ್ರಿ" ಅಂದೆ.

"ಹಂಗಾದ್ರ ಗಂಡು ಇರಬೇಕು" ಅಂದ್ರು.

ಪಂಚನಾಮೆ

ಲಗ್ನಕ್ಕ ಎರಡೇ ದಿನ ಉಳದವು. ಮನ್ಯಾಗ ನಮ್ಮಾಕಿ ಮಾತು ಬಿಟ್ಟಿದ್ದಳು. ನಮ್ಮ ಕಚೇರ್ಯಾಗ ಒಂದು ರಿವಾಜು ಅದ: ಕಣ್ಣಿಗೆ ಕಾಣದ್ದು ಐದು ಮಂದಿ ಹೆಬ್ಬಟ್ಟು ಒತ್ತಿದ್ರ ಕಾಣ್ತದ. ಕೆರಿ ದಂಡ್ಯಾಗೇ ಪಂಚನಾಮೆಗೆ ಕುಂತೆ.

ಒಬ್ಬಾಂವ ಬಾತು ಬಿಳೇದಂದ. ಇನ್ನೊಬ್ಬಾಂವ ಕರೇದಂದ. ಮೂರನೇದಾಂವ, "ನೀವು ಯಾವ ಬಣ್ಣ ಅಂತೀರೋ ಅದೇ ಬರ್ಕೋರಿ" ಅಂದ. ನಾಕನೇದಾಂವ ಹೆಬ್ಬಟ್ಟು ಮೊದಲು ಒತ್ತಿ, ಯಾಕಂತ ಆಮ್ಯಾಲ ಕೇಳಿದ.

ಐದನೇದಾಕಿ ಕಮಲಾಪುರದಿಂದ ಕೆಂಪು ಬಾಳೇಹಣ್ಣು ತರೋ ಮುದುಕಿ. "ಗುಲಾಬಿ ತಲೀನೇ. ಕಣ್ಣಾರೆ ನೋಡೀನಿ. ನಿನ್ನಿ ಕಮಲಾಪುರದ ಕಡೆ ಹಾರಿಹೋತು" ಅಂದಳು. ಯಾರೂ ಕಾಣದ್ದು ಈಕಿಗೆ ಹೆಂಗ ಕಂಡಿತೋ! ಇದ್ದದ್ದು ಇದ್ದಂಗ ಬರದೆ.

ಸಾಹೇಬರು ಐದನೇ ಹೇಳಿಕಿ ಎರಡು ಸಲ ಓದಿ, ನನ್ನ ಅರ್ಜಿಗೆ ತಟ್ಟನೆ ಸಹಿ ಹಾಕಿದ್ರು. ನಾನು ಸಲಾಮು ಹೊಡದು ತಿರುಗೂದ್ರಾಗ ಟೊಪಿಗಿ ಇಟ್ಕೊಂಡು ಅಂದ್ರು, "ನಡಿ, ನಾನೂ ಬರ್ತೀನಿ."

ಅಕ್ಕಿಕಾಳು

ಹಂದರದಾಗ ಸಾಹೇಬರಿಗೆ ಮದುಮಗನಕಿಂತ ಎತ್ತರದ ಕುರ್ಚಿ ಹಾಕಿದ್ರು. ಬೀಗರು ಊಟದ ಮಾತು ಬಿಟ್ಟು ಅವರ ಮುಂದ ಕೈಕಟ್ಟಿ ನಿಂತ್ರು. ಅಯ್ಯನವರು ಮಂತ್ರ ಶುರುಮಾಡಿದ್ರು. ಮಂದಿ ಅಕ್ಕಿಕಾಳು ಹಿಡದು ಕೈ ಎತ್ತಿದ್ರು. ಸಾಹೇಬರು ಬಾಳೇತೋಟದ ಕಡೆ ದುರ್ಬೀನು ತಿರುಗಿಸಿ, "ಖಾಮೋಶ್!" ಅಂತ ಒದರಿದ್ರು.

ಬಾಜಾ ನಿಂತಿತು. ಮಂತ್ರ ಅರ್ಧಕ್ಕ ನಿಂತಿತು. ಮದುಮಗಳೂ ಮದುಮಗನೂ ಸೈತ ಮುಗಿಲು ನೋಡ್ಕೋತ ನಿಂತ್ರು. ಭಾಳೊತ್ತಿನ ಮ್ಯಾಲ ತೋಟದಿಂದ ಒಂದು ಕಾಗಿ ಎದ್ದು ಹೋತು. ಅಲ್ಲಿತನಕ ಕೈ ತಡದಿದ್ದ ಮಂದಿ ಅಕ್ಕಿಕಾಳೆಲ್ಲ ಅದರ ಮ್ಯಾಲೇ ಒಗದ್ರು.

ಲಗ್ನ ಮುಗಿಸ್ಕೊಂಡು ಬಂಡ್ಯಾಗ ಕಲಬುರ್ಗಿ ಮುಟ್ಟಿದಿವಿ. ನಮ್ಮಾಕಿ ಮನಿ ಹೊಸ್ತಲ ದಾಟಿ ಅಂದಳು:

"ಬಾತು ಕಮಲಾಪುರಕ್ಕ ಹಾರ್ತು ಅಂತ ಹೇಳಾಕ ಆ ಬಾಳೇಹಣ್ಣಿನಾಕಿಗೆ ಕಲಿಸಿದಾಕಿ ನಾನೇ ರೀ. ಅದರ ಬೆನ್ನಹಿಂದ ಸಾಹೇಬರನ್ನ ಹಾರಿಸ್ಕೊಂಡು ಬರ್ರಿ ಅಂತ ನಿಮಗ ಕಲಿಸಿದಾಕಿ ಯಾರು?"